ನಾರಪ್ಪನ ದನಿ

ನಮ್ಮ ಆಟ ನಡೆದದ್ದು ಮೊದಲು ಶಿರೋಳದಲ್ಲೋ, ಮೊದಲು ಮುಶಿಗೇರಿಯಲ್ಲೋ ಎಂಬುದು ನನಗೀಗ ಖಚಿತವಿಲ್ಲ. ಶಿರೋಳ ಎಂದೇ ಬರೆಯುತ್ತೇನೆ, ಆದರೆ ಬರೆಯುವಾಗಲೇ ಅನುಮಾನ ಬರುತ್ತದೆ. ಗಾಜಿನ ಚಿತ್ರಗಳನ್ನು ಪರದೆಗೆ ಬಿಡುವ ಲ್ಯಾಂಟರ್ನ್ ಪೆಟ್ಟಿಗೆಯ ಮೇಲೆ ಮುಂಬಯಿ ಸರಕಾರದ ಮುದ್ರೆ ಇದ್ದದ್ದು ನೆನಪಿದೆ. ಆದರೆ ಆಗ ನಾವು ಮುಂಬಯಿಗೆ ಸೇರಿದ್ದೆವೋ, ಮೈಸೂರಿಗೆ ಸೇರಿಯಾಗಿತ್ತೋ ಎಂಬುದು ಆ ಮುದ್ರೆಯಿಂದ ತಿಳಿಯುವುದಿಲ್ಲ. ಸರಕಾರ ಬದಲಾದರೂ ಪೆಟ್ಟಿಗೆಗಳು ಅವೇ ಇದ್ದವು. ಸಾಲಿ ಕಲಿಯುವಾಗಿನಿಂದ ದಿನಚರಿ ಬರೆಯುತ್ತ ಬಂದವಳು ನಾನು. ಆ ತಿರುಗಾಟದ ತಿಂಗಳುಗಳಲ್ಲಿ ಮಾತ್ರ ಬರೆಯಲಿಲ್ಲ. ಆಗ ನಾನು ಸಂತೋಷದಲ್ಲಿದ್ದೆ ಎಂದು ಕಾಣುತ್ತದೆ. ಹಾಗಾಗಿ ಇಲ್ಲಿರುವುದೆಲ್ಲ ನೆನಪಿನ ಮೇಲೆ ನಿಂತದ್ದು, ಮತ್ತು ನೆನಪು ತನಗೆ ಅನುಕೂಲವಾದುದನ್ನು ಮುಂದೆ ತಳ್ಳುತ್ತದೆ ಎಂಬುದು ನನಗೆ ಗೊತ್ತಿದೆ.

ಆಗ ನಾನು ರೋಣದ ಅಭಿವೃದ್ಧಿ ಕಚೇರಿಯಲ್ಲಿ ಸಮಾಜ ಶಿಕ್ಷಣದ ಕೆಲಸಕ್ಕಿದ್ದೆ. ನಮಗೆ ಆ ಬೇಸಿಗೆಯಲ್ಲಿ ವಹಿಸಿದ್ದು ನಾರುಹುಣ್ಣಿನ ಪ್ರಚಾರ. ಈ ರೋಗವನ್ನು ನೋಡದವರಿಗೆ ಹೇಳಬೇಕು: ಹುಳ ಕಾಲಿನಿಂದ ಬಿಳಿ ದಾರದ ಹಾಗೆ ಹೊರಬರುತ್ತದೆ. ಅದನ್ನು ಒಂದು ಕಡ್ಡಿಗೆ ದಿನಕ್ಕಿಷ್ಟು ಸುತ್ತುತ್ತ ಎಳೆಯಬೇಕು. ನಡುವೆ ಹರಿದರೆ ಕಾಲು ಬಾತು, ಬಿತ್ತುವ ಹೊತ್ತಿಗೆ ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಹುಣ್ಣಿನ ಕಾಲು ಮೆಟ್ಟಿಲ ಬಾವಿಯ ನೀರಿಗಿಳಿದಾಗ ಹುಳ ತನ್ನ ಸಂತಾನವನ್ನು ಅಲ್ಲಿ ಬಿಡುತ್ತದೆ. ಆ ನೀರು ಕುಡಿದವರ ಹೊಟ್ಟೆಯಲ್ಲಿ ಮತ್ತೆ ಬೆಳೆಯುತ್ತದೆ. ಉಪಾಯ ಸುಲಭವೇ. ಹುಣ್ಣಿದ್ದವರು ಬಾವಿಗಿಳಿಯಬಾರದು, ನೀರನ್ನು ಎರಡು ಮಡಿಕೆ ಅರಿವಿಯಲ್ಲಿ ಸೋಸಿಯೇ ಕುಡಿಯಬೇಕು. ನಮ್ಮ ಕಡೆ ಬಟ್ಟೆಗೆ ಅರಿವಿ ಎನ್ನುತ್ತಾರೆ. ಭಾಷಣಗಳಿಗೆ ಯಾರೂ ಬರುತ್ತಿರಲಿಲ್ಲ.

ಧಾರವಾಡದಲ್ಲಿ ಓದುವಾಗ ವಸತಿಗೃಹದ ಗೆಳತಿಯೊಬ್ಬಳ ಹತ್ತಿರ ಒಂದು ಇಂಗ್ಲಿಷ್ ಚಿತ್ರಪುಸ್ತಕ ನೋಡಿದ್ದೆ. ಬೆನ್ನಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಗಂಡಸು ಮುಷ್ಟಿ ಚಾಚಿ ಆಕಾಶದಲ್ಲಿ ಹಾರಿ ಲೋಕ ಕಾಯುತ್ತಿದ್ದ. ಅಂಥವನೊಬ್ಬನನ್ನು ನಾವೂ ಮಾಡಿ, ಗಾಜಿನ ಮೇಲೆ ಬರೆದು, ಲ್ಯಾಂಟರ್ನಿನಿಂದ ಪರದೆಯ ಮೇಲೆ ಹಾರಿಸಿದರೆ ಹೇಗೆ ಎಂದುಕೊಂಡೆ. ಅವನಿಗೆ ಅರಿವಿವೀರ ಎಂದು ಹೆಸರಿಟ್ಟೆ. ಬೆನ್ನಿಗೆ ಕಟ್ಟಿಕೊಂಡದ್ದೂ ಅರಿವಿ, ಜನರಿಗೆ ಕೊಡುವುದೂ ಅರಿವು. ಈ ಶ್ಲೇಷೆಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಚಿತ್ರ ಬರೆಯಲು ಗಜೇಂದ್ರಗಡದಲ್ಲಿದ್ದ ನನ್ನ ಕಾಕಾನನ್ನು ಕರೆದೆ. ಅವರು ತಂದೆಯ ತಮ್ಮ. ಒಂದು ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತ, ನಗಿಸುವ ಪಾತ್ರ ಮಾಡುತ್ತ ಇದ್ದವರು. ಕಂಪನಿ ಮುಚ್ಚಿದ ಮೇಲೆ ಅಂಗಡಿಗಳ ಹೆಸರಿನ ಹಲಗೆ ಬರೆಯುತ್ತಿದ್ದರು. ನಾಟಕದಲ್ಲಿ ಅವರ ನಗೆ ಪ್ರಸಿದ್ಧ. ಹೊಟ್ಟೆಯಿಂದ ಎದ್ದು, ಎದೆಯಲ್ಲಿ ಉರುಳಿ, ಕೊನೆಗೆ ಸಭೆಯ ಹಿಂದಿನ ಸಾಲಿಗೆ ಬಡಿಯುವ ನಗೆ ಅದು.

ನಾನು ಹೇಳಿದ ಕತೆ ಕೇಳಿ ಅವರು, "ಹಾರೂ ಗಂಡಸ್ನ ನೋಡಿ ನಮ್ಮ ಮಂದಿ ಕೈ ಮುಗಿಯಂಗಿಲ್ಲ ತಂಗೀ, ನಗತಾರ. ಹಂಗಾದ್ರ ನಾವ ಮೊದಲ ನಗಿಸಿ ಬಿಡೂಣು," ಎಂದರು.

ಹೀಗೆ ಅರಿವಿವೀರ ಹಾಸ್ಯದವನಾದ. ಮೀಸೆ ತಿರುವಿ ಹಾರುತ್ತಾನೆ, ಬೆನ್ನಿನ ಅರಿವಿ ಜಾಲಿಯ ಮುಳ್ಳಿಗೆ ಸಿಕ್ಕುತ್ತದೆ, ಜೋತಾಡುತ್ತಲೇ ಉಪದೇಶ ಮಾಡುತ್ತಾನೆ. ಅವನ ವೈರಿ ನಾರುಹುಳ. ಅದಕ್ಕೆ ಕಾಕಾ ನಾರಪ್ಪ ಎಂದು ಹೆಸರಿಟ್ಟರು. ಉದ್ದಕ್ಕೆ, ಬೆಳ್ಳಗೆ, ತಲೆಗೆ ರುಮಾಲು, ಸುರುಳಿ ಮೀಸೆ, ಯಾವಾಗಲೂ ಕೈ ಜೋಡಿಸಿ ನಿಂತ ಭಂಗಿ.

ಗಾಜು ತಯಾರಿಸುವುದೇ ದೊಡ್ಡ ಕೆಲಸವಾಗಿತ್ತು. ಫೋಟೋ ಕಟ್ಟುವವನಿಂದ ಅಳತೆಗೆ ಕತ್ತರಿಸಿ ತಂದ ಗಾಜನ್ನು ಬೂದಿಯಿಂದ ತಿಕ್ಕಿ ತೊಳೆದು, ತೆಳ್ಳಗೆ ಗೋಂದು ಸವರಬೇಕು. ಇಲ್ಲದಿದ್ದರೆ ಮಸಿ ನಿಲ್ಲುವುದಿಲ್ಲ. ಗೆರೆ ಎಳೆದು, ಬೆಳಕು ಹಾಯುವಂಥ ಬಣ್ಣ ತುಂಬಿ, ಮೇಲೊಂದು ಗಾಜು ಮುಚ್ಚಿ, ಅಂಚಿಗೆ ಕರಿ ಕಾಗದ ಅಂಟಿಸಬೇಕು. ನಾರಪ್ಪ ಚಲಿಸಬೇಕಾದಲ್ಲಿ ಕಾಕಾ ಎರಡು ಗಾಜು ಬಳಸಿದರು. ಒಂದರಲ್ಲಿ ಬಾವಿಯ ಮೆಟ್ಟಿಲು, ಇನ್ನೊಂದರಲ್ಲಿ ಹುಳ. ಎರಡನೆಯದನ್ನು ಮೆಲ್ಲಗೆ ಸರಿಸಿದರೆ ನಾರಪ್ಪ ಬಳುಕುತ್ತ ಮೆಟ್ಟಿಲಿಳಿಯುತ್ತಿದ್ದ. ಪರದೆ ಅಂದರೆ ಒಂದು ಧೋತರ. ಅದಕ್ಕೆ ನೀರು ಚಿಮುಕಿಸಿ ಹಿಂದಿನಿಂದ ಬೆಳಕು ಬಿಟ್ಟರೆ ಚಿತ್ರ ಮುಂದಿನವರಿಗೆ ನಿಚ್ಚಳವಾಗಿ ಕಾಣುತ್ತದೆ. ಬೆಳಕು ಸೋರದಂತೆ ನಮ್ಮ ಸುತ್ತ ಗೋಣಿತಟ್ಟು ಕಟ್ಟುತ್ತಿದ್ದೆವು. ಒಳಗೆ ಗ್ಯಾಸ್‌ಬತ್ತಿಯ ಕಾವು, ಸೀಮೆಎಣ್ಣೆಯ ವಾಸನೆ. ಬತ್ತಿಯ ಪಕ್ಕದಲ್ಲೇ ಕಾಕಾ ಕೂರುತ್ತಿದ್ದರು. ಅವರಿಗೆ ಕೆಮ್ಮು ಬಂದಾಗ ಇಬ್ಬರೂ ಹೊಗೆಯನ್ನೇ ಬಯ್ಯುತ್ತಿದ್ದೆವು.

ಇಬ್ಬರ ಮಾತುಗಳನ್ನೂ ನಾನೇ ಬರೆದೆ. ನಾರಪ್ಪನಿಗೆ, "ಎಲೈ ಮಾನವರೇ, ಎನ್ನ ಜಲಸಾಮ್ರಾಜ್ಯವನ್ನು ಪ್ರವೇಶಿಸಿರಿ" ಎಂದು ಬರೆದಿದ್ದೆ. ಕಾಕಾ ಓದಿ ಹಾಳೆ ತಿರುಗಿಸಿ ಕೊಟ್ಟರು.

"ಈ ಹುಳಾನೂ ಧಾರವಾಡದಾಗ ಬಿ.ಎ. ಮಾಡೈತೇನು ತಂಗೀ?"

ಅವರು ಹಾಕಿದ ಮಾತು ಹೀಗಿತ್ತು: "ಬರ್ರಿ, ಬರ್ರಿ! ಕಾಲ ಇಳಸ್ರಿ, ನಾನೂ ಇಳೀತೇನಿ!" ಜನ ಕಾಲಿಳಿಸಿದ ಮೇಲೆ ಆ ದೊಡ್ಡ ನಗೆ. ಅರಿವಿವೀರನ ಮಾತು ಮಾತ್ರ ನಾನು ಬರೆದ ಹಾಗೇ ಉಳಿಯಿತು. ಅವನಿಗೆ ದನಿ ಕೊಟ್ಟವಳೂ ನಾನೇ, ನಾರಪ್ಪನಿಗೆ ಕಾಕಾ.

ಶಿರೋಳದಲ್ಲಿ ದೀಪ ಹಚ್ಚುವ ಹೊತ್ತಿಗೆ ಬಯಲು ತುಂಬಿತ್ತು. ನಾನು ಅವಸರದಲ್ಲಿ ಒಂದು ಗಾಜು ತಲೆಕೆಳಗಾಗಿ ಹಾಕಿದೆ; ಅರಿವಿವೀರ ಕಾಲು ಮೇಲಾಗಿ ಹಾರಿಬಂದ. ಅದೂ ಆಟದ ಭಾಗವೆಂದು ಜನ ಸಿಳ್ಳೆ ಹೊಡೆದರು. ಆದರೆ ನಾರಪ್ಪ ಬಂದು ಕೈ ಜೋಡಿಸಿದ ಕ್ಷಣದಿಂದ ಊರು ಅವನದಾಯಿತು. ಅವನು "ಬರ್ರಿ" ಅಂದರೆ ಹುಡುಗರು "ಬಂದ್ವ್ರೀ" ಎನ್ನುತ್ತಿದ್ದರು. ಅವನು ನಕ್ಕರೆ ಎಲ್ಲರೂ ನಗುತ್ತಿದ್ದರು. ಕೊನೆಯ ಗಾಜಿನಲ್ಲಿ ಅರಿವಿವೀರ ನಾರಪ್ಪನನ್ನು ಕಡ್ಡಿಗೆ ಸುತ್ತಿ ಬೆಂಕಿಗೆ ಹಾಕುವಾಗ ಮುಂದೆ ಕುಳಿತ ಮುದುಕಿಯೊಬ್ಬರು ಎದ್ದು ನಿಂತರು.

"ಯಾಕ ಕೊಲ್ಲತೀರಿ ಅಂವನ್ನ? ಎಷ್ಟ ಮರ್ಯಾದಿ ಕೊಟ್ಟ ಮಾತಾಡ್ತಾನ! ಆ ಹಾರಾಂವ ಒಬ್ಬರಿಗರೆ 'ರಿ' ಅಂದನೇನ?"

ಗೋಣಿತಟ್ಟಿನೊಳಗೆ ಕಾಕಾ ನನ್ನ ಮುಖ ನೋಡಿ ಸದ್ದಿಲ್ಲದೆ ನಕ್ಕರು. ನಾನು ಅರಿವಿವೀರನಿಗೆ ಒಂದೇ ಒಂದು 'ರಿ' ಬರೆದಿರಲಿಲ್ಲ. ಅವನು ಜನರನ್ನು "ನೀವು ಅರಿಯಿರಿ, ನೀವು ಎಚ್ಚರಗೊಳ್ಳಿರಿ" ಎನ್ನುತ್ತಿದ್ದ. ಅದು ಪುಸ್ತಕದ 'ಇರಿ'. ಅದರಲ್ಲಿ ಮರ್ಯಾದೆ ಇದೆಯೆಂದು ಆ ಮುದುಕಿಗೆ ಅನ್ನಿಸಲಿಲ್ಲ. ಈಗ ನನಗೂ ಅನ್ನಿಸುವುದಿಲ್ಲ.

ಮುಶಿಗೇರಿಯಲ್ಲಿ ಆಟ ಅದಕ್ಕಿಂತ ಚೆನ್ನಾಯಿತು, ಮತ್ತು ಅಲ್ಲೇ ನಾವು ಸೋತೆವು. ಮರುದಿನ ಬೆಳಿಗ್ಗೆ ಸೋಸುವ ಅರಿವಿಗಳ ಗಂಟು ಹಿಡಿದು ನಾನು ಬಾವಿಯ ದಂಡೆಗೆ ಹೋದೆ. ಕಾಲಿಗೆ ಚಿಂದಿ ಕಟ್ಟಿಕೊಂಡ ಹೆಣ್ಣುಮಗಳೊಬ್ಬಳು ಕೊಡ ಹೊತ್ತು ಮೆಟ್ಟಿಲಿಳಿಯುತ್ತಿದ್ದಳು. ಅವಳ ಜೊತೆಯವರು ಕೆಳಗಿನಿಂದ, "ಬರ್ರಿ, ಬರ್ರಿ! ಕಾಲ ಇಳಸ್ರಿ!" ಎಂದು ಕೂಗುತ್ತಿದ್ದರು.

"ಇಳೀಬ್ಯಾಡವಾ," ಎಂದೆ.

ಅವಳು ತಿರುಗಿ ನಕ್ಕಳು. "ನಿಮ್ಮ ನಾರಪ್ಪನ ಇಷ್ಟ ಮರ್ಯಾದೀಲೆ ಕರ್ಯಾಕತ್ತಾನಲ್ರಿ ಅಕ್ಕಾರ, ಹ್ಯಾಂಗ ಬ್ಯಾಡನ್ನೂದು?"

ಚಿಂದಿ ಕಟ್ಟಿದ ಕಾಲು ನೀರಿಗಿಳಿಯಿತು.

ಕಚೇರಿಯ ಸಾಹೇಬರಿಗೆ ಈ ಸುದ್ದಿ ನಾನೇ ಹೇಳಿದೆ. ಅವರು ಕೆಟ್ಟವರಲ್ಲ. "ಹುಳದ ಮ್ಯಾಲೆ ಪ್ರೀತಿ ಹುಟ್ಟಿಸಿ ಬಂದ್ರೆಲ್ಲ ಬಾಯಾರ," ಎಂದರು. "ಅದನ್ನ ಅಸಹ್ಯ ಮಾಡ್ರಿ. ಹಲ್ಲು, ರಕ್ತ, ಏನಾರ ಹಾಕ್ರಿ. ಮಂದಿ ಅದಕ್ಕ ಹೆದರಬೇಕು. ಇಲ್ಲಾಂದ್ರ ಪೆಟ್ಟಿಗಿ ವಾಪಸ್ ಕೊಡ್ರಿ."

ನಾನು ಒಪ್ಪಿಕೊಂಡೇ ಹೊರಬಂದೆ. ಕಾಕಾ ರೋಣದ ಮೋಟಾರು ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಕಾಯುತ್ತಿದ್ದರು. ಸಾಹೇಬರ ಮಾತು ಹೇಳಿ, "ಹಲ್ಲು ಬರೀರಿ ಕಾಕಾ," ಎಂದೆ. ಅವರು ಚಹಾವನ್ನು ಬಶಿಗೆ ಸುರಿದು, ಆರಿಸಿ, ಬಹಳ ಹೊತ್ತು ಹಿಡಿದುಕೊಂಡೇ ಕುಳಿತರು.

"ಹಲ್ಲು ಬ್ಯಾಡ. ಕೊಲ್ಲೂದೂ ಬ್ಯಾಡ. ನಗಿ ತಗದ ಬಿಡೂಣು."

"ಆ ನಗಿ ಸಲುವಾಗೇ ಮಂದಿ ಬರ್ತಾರಲ್ರಿ?"

"ಬರ್ತಾರ. ಗೆದ್ದಂವ ನಗತಾನ, ಅಂವ ನಕ್ಕಷ್ಟೂ ಮಂದಿ ಅಂವನ ಕಡೆ. ಅಂವ ಈಗ ಸೋತ ಬೇಡಿಕೊಳ್ಳಲಿ. ಕೊಡದಾಗ ಹೋಗಾಕ ಬಂದಾನ, ಕೊಡದ ಬಾಯಿಗಿ ಅರಿವಿ ಕಟ್ಟೈತಿ. ಅದನ್ನ ತಗೀರಿ ಅಂತ ಬೇಡ್ತಾನ. ಮಂದಿಗಿ ಅಂವ ಬೇಕಲ್ಲ? ಕಾಡಿಸಲಿ ಅಂವನ್ನ. ಬೇಕಾದವ್ರನ್ನ ಕಾಡಿಸೂದಂದ್ರ ನಮ್ಮ ಹೆಣ್ಣಮಕ್ಕಳಿಗಿ ಹಬ್ಬ."

ನನಗೆ ಅದು ಅಂಗಡಿಯಲ್ಲೇ ಎದ್ದು ಕುಣಿಯುವಂಥ ಮಾತಾಗಿತ್ತು. ಸಾಹೇಬರಿಗೆ ಮತ್ತೆ ಹೇಳಿ ಒಪ್ಪಿಸಲು ಓಡಿದೆ. ಕಾಕಾ ಚಹಾವನ್ನು ಪೂರ್ತಿ ಕುಡಿದರೇ, ಬಶಿಯಲ್ಲೇ ಬಿಟ್ಟರೇ, ನೆನಪಿಲ್ಲ. ಅದನ್ನು ನೆನಪಿಸಿಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ.

ಹೊಸ ಗಾಜುಗಳಲ್ಲಿ ನಾರಪ್ಪನ ರುಮಾಲು ಬಿಚ್ಚಿತ್ತು, ಮೀಸೆ ಇಳಿಬಿದ್ದಿತ್ತು. ಕೊಡದ ಅಂಚಿನಲ್ಲಿ ಕುಳಿತು ಅವನು ಬೇಡುತ್ತಿದ್ದ: "ಅವ್ವಾರ, ಆ ಅರಿವಿ ಒಂದೀಟ ಸರಸ್ರಿ. ಉಪಾಸ ಅದೀನ್ರಿ. ಸೂಜಿಯಷ್ಟ ಸಂದಿ ಬಿಟ್ರ ಸಾಕ್ರಿ." ಕಾಕಾ ಅದಕ್ಕೆ ಒಂದು ದನಿ ತೆಗೆದರು. ಸಣ್ಣಗೆ, ಒಡಕು, ಗಾಳಿ ಜಾಸ್ತಿ, ಮಾತು ಕಡಿಮೆ. ನಡುವೆ ಮುರಿದು, ಮತ್ತೆ ಎಲ್ಲಿಂದಲೋ ಎದ್ದು ಬರುವ ದನಿ.

ಗಜೇಂದ್ರಗಡದ ಪೇಟೆಯ ಬಯಲಿನಲ್ಲಿ ಮೊದಲ ಸಲ ಆ ದನಿ ಕೇಳಿದಾಗ ಎಲ್ಲರೂ ಕತ್ತು ಚಾಚಿದರು. ಆಮೇಲೆ ಹೆಂಗಸರ ಕಡೆಯಿಂದ ಯಾರೋ, "ಬಿಡಂಗಿಲ್ಲ ಹೋಗೋ, ಹೊರಗ ಕುಂದರು!" ಎಂದರು. ಬಯಲೆಲ್ಲ ಅದನ್ನೇ ಹಿಡಿಯಿತು. ನಾರಪ್ಪ ಬೇಡಿದಷ್ಟೂ ಅವರು ಕಾಡಿಸಿದರು. "ನಾಳೆ ಬಾ." "ನಿಮ್ಮ ಅತ್ತೀ ಮನೀಗಿ ಹೋಗು." "ಎರಡ ಮಡಿಕಿ ಹಾಕೇವಿ, ಈಗ ಬಾ ನೋಡೂಣು!"

"ಕಾಕಾ, ಈ ದನಿ ಭಾಳ ಚಲೋ ಆತು," ಎಂದೆ. "ಇದನ್ನ ಇಟ್ಕೋರಿ."

"ಇಟ್ಕೋತೇನವಾ. ಬ್ಯಾರೇದ ಎಲ್ಲೈತಿ?"

ನಾನು ನಕ್ಕೆ.

ಮುಶಿಗೇರಿಗೆ ಮತ್ತೆ ಹೋದೆವು. ಆಟದ ಮರುದಿನ ಚಿಂದಿ ಕಟ್ಟಿದ ಆ ಹೆಣ್ಣುಮಗಳು ಬಾವಿಯ ದಂಡೆಯಲ್ಲೇ ಕುಳಿತಿದ್ದಳು. ಅವಳ ಕೊಡವನ್ನು ಓರಗಿತ್ತಿ ತುಂಬಿ ತಂದಳು, ಇನ್ನೊಂದು ಕೊಡದ ಬಾಯಿಗೆ ಮಡಿಸಿದ ಅರಿವಿ ಕಟ್ಟಿ ಸುರಿದಳು. ಸುರಿಯುತ್ತ, "ನಾರಪ್ಪಾ, ಇವತ್ತೂ ಉಪಾಸ!" ಎಂದಳು. ಚಿಂದಿ ಕಾಲಿನವಳು ನನ್ನನ್ನು ನೋಡಿ, "ಪಾಪ ಅನಸ್ತೈತ್ರಿ ಅಕ್ಕಾರ. ಆದ್ರೂ ಬಿಡಂಗಿಲ್ಲ," ಎಂದಳು. ಎಷ್ಟೋ ಬಾವಿಗಳ ದಂಡೆಯಲ್ಲಿ ಆ ಮಾತು ಕೇಳಿದೆ. ಕೆಲಸ ಮಾಡಿದ್ದಕ್ಕೆ ಅಂಥ ಫಲ ನನಗೆ ಮುಂದೆಂದೂ ಸಿಕ್ಕಿಲ್ಲ.

ಆಟ ಮುಗಿದ ಮೇಲೆ ಹೆಂಗಸರು "ನಾರಪ್ಪಗ ಕೊಡ್ರಿ" ಎಂದು ಗರಿಗರಿ ಕಟಕ ರೊಟ್ಟಿ, ಶೇಂಗಾ ಚಟ್ನಿ ತಂದು ಪರದೆಯ ಹಿಂದೆ ಇಡುತ್ತಿದ್ದರು. ಕಾಕಾ ಅದನ್ನೆಲ್ಲ ನನ್ನ ಕಡೆ ಸರಿಸಿ ಮಜ್ಜಿಗೆ ಮಾತ್ರ ಕುಡಿಯುತ್ತಿದ್ದರು.

"ನೀವೂ ತಿನ್ರಿ ಕಾಕಾ."

"ನಾರಪ್ಪ ಉಪಾಸ ಅದಾನವಾ. ಮಂದೀಗಿ ಗೊತ್ತಾದ್ರ ಏನಂದಾರು?"

ಆಗಲೂ ನಾನು ನಕ್ಕೆ. ರೊಟ್ಟಿ ಬಹಳ ರುಚಿಯಾಗಿತ್ತು.

ಹೊಳೆಮಣ್ಣೂರಿನ ಹಿರಿಯರು ರೋಣಕ್ಕೆ ಬಂದು ನಾರಪ್ಪನನ್ನು ಕಳಿಸಿ ಎಂದು ಕೇಳಿದಾಗ ಸಾಹೇಬರು, "ನೀವು ಮಲಪ್ರಭಾದ ನೀರು ಕುಡಿಯಾವ್ರು, ನಿಮ್ಮಲ್ಲಿ ಮೆಟ್ಟಿಲ ಬಾವೀನೂ ಇಲ್ಲ, ಹುಣ್ಣೂ ಇಲ್ಲ. ಯಾಕ ಬೇಕು?" ಎಂದರು.

"ಹುಣ್ಣ ಇಲ್ಲಂತ ನಾರಪ್ಪನೂ ಬ್ಯಾಡೇನ್ರಿ? ಹೊಳಿ ಬಂದ್ರ ಮನಿ ಬಿಟ್ಟ ಓಡಾವ್ರು ನಾವು. ಒಂದ ದಿನ ನಗತೇವಿ, ಕಳಸ್ರಿ."

ಸಾಹೇಬರು ನನ್ನ ಮೇಲೆ ಬಿಟ್ಟರು. ನಾನು ಕಾಕಾನನ್ನು ಕೇಳಿದೆ. ಅವರು ತಲೆಯಾಡಿಸಿದರು. ಹೌದು ಎಂದೋ, ನಿನ್ನಿಷ್ಟ ಎಂದೋ ನಾನು ಬಿಡಿಸಿ ಕೇಳಲಿಲ್ಲ.

ಅಲ್ಲಿ ಆಟ ನಡೆಯುತ್ತ ನಾರಪ್ಪ ಕೊಡದ ಅಂಚಿಗೆ ಬಂದು ಕುಳಿತ. ಕಾಕಾ "ಅವ್ವಾರ" ಎಂದರು. ಆಮೇಲೆ ಏನೂ ಬರಲಿಲ್ಲ. ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಅವರ ತುಟಿಗಳು ಸರಿಯಾಗಿ ಆಡುತ್ತಿದ್ದವು. ಬರೀ ಬತ್ತಿಯ ಸುಯ್ಯೆಂಬ ಸದ್ದು. ನಾನು ಅರಿವಿವೀರನ ಮಾತಿನಿಂದ ಖಾಲಿ ತುಂಬಲು ಬಾಯಿ ತೆರೆದೆ. ಅಷ್ಟರಲ್ಲಿ ಪರದೆಯ ಆಚೆಯಿಂದ ಒಂದು ಮಗುವಿನ ದನಿ, "ಆ ಅರಿವಿ ಒಂದೀಟ ಸರಸ್ರಿ" ಎಂದಿತು. ಹಿಂದೆಯೇ ಇನ್ನಿಬ್ಬರು, ಆಮೇಲೆ ಊರಿಗೆ ಊರೇ: "ಉಪಾಸ ಅದೀನ್ರಿ! ಸೂಜಿಯಷ್ಟ ಸಂದಿ ಬಿಟ್ರ ಸಾಕ್ರಿ!" ಬೇರೆ ಊರುಗಳಲ್ಲಿ ಆಟ ನೋಡಿದ ನೆಂಟರಿಂದ ಅವರು ಎಲ್ಲವನ್ನೂ ಕಲಿತಿದ್ದರು. ಮಾತನ್ನಷ್ಟೇ ಅಲ್ಲ. ದನಿ ಎಲ್ಲಿ ಒಡೆಯುತ್ತದೆ, ಎಲ್ಲಿ ಗಾಳಿಯಷ್ಟೇ ಉಳಿಯುತ್ತದೆ, ಎಲ್ಲಿ ಮುರಿದು ಮತ್ತೆ ಏಳುತ್ತದೆ, ಎಲ್ಲವೂ ಅವರಿಗೆ ಬರುತ್ತಿತ್ತು. ಹೆಂಗಸರು, ಗಂಡಸರು, ಮಕ್ಕಳು, ಎಲ್ಲರೂ ಆ ಒಡಕು ದನಿಯಲ್ಲಿ ಬೇಡಿದರು, ಮತ್ತೆ ತಾವೇ "ಬಿಡಂಗಿಲ್ಲ" ಎಂದು ನಕ್ಕರು.

ಕಾಕಾ ಒಂದು ಕೈಯಿಂದ ಗಾಜುಗಳನ್ನು ಸರಿಯಾದ ಹೊತ್ತಿಗೆ ಬದಲಿಸುತ್ತ ಹೋದರು. ಇನ್ನೊಂದು ಕೈ ಗಂಟಲಿನ ಮೇಲಿತ್ತು.

ಆಟ ಮುಗಿದ ಮೇಲೆ ಹಿರಿಯರು ಒಳಗೆ ಬಂದು ಅವರ ಕೈ ಹಿಡಿದರು. "ಏನ್ ಕಲಾರೀ ಇದು! ತಾವ ಸುಮ್ಮನ ಕುಂತ ಮಂದೀ ಕಡಿಂದ ಆಡಿಸಿದ್ರೆಲ್ಲ!"

ಕಾಕಾ ನಾರಪ್ಪನ ಹಾಗೇ ಕೈ ಜೋಡಿಸಿದರು. ಹಿರಿಯರು ಮತ್ತೂ ನಕ್ಕರು.

ಕಾಕಾನನ್ನು ಮೊದಲು ಗದಗಿನ ಡಾಕ್ಟರು ನೋಡಿದರು, ಆಮೇಲೆ ಹುಬ್ಬಳ್ಳಿಯವರು, ಆಮೇಲೆ ಮುಂಬಯಿ. ಗಂಟಲಿನ ಗಡ್ಡೆ. ಹೊಗೆಗೂ ಅದಕ್ಕೂ ಸಂಬಂಧವಿದೆಯೋ ಇಲ್ಲವೋ ಹೇಳಲಾಗದು, ಬಹಳ ದಿನದಿಂದ ಬೆಳೆದಿದೆ ಎಂದರು. ಎಷ್ಟು ದಿನದಿಂದ ಎಂದು ಕೇಳಿದೆ. ಅದನ್ನು ರೋಗಿಯೇ ಹೇಳಬೇಕು ಎಂದರು. ಶಸ್ತ್ರಚಿಕಿತ್ಸೆಯಲ್ಲಿ ದನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವರು ಕುತ್ತಿಗೆಯಲ್ಲಿನ ರಂಧ್ರದಿಂದ ಉಸಿರಾಡುತ್ತಾರೆ. ಧೂಳು ಹೋಗದಂತೆ ಅದರ ಮೇಲೆ ತೆಳ್ಳನೆಯ ಅರಿವಿಯನ್ನು ಎರಡು ಮಡಿಕೆ ಮಾಡಿ ಕಟ್ಟಬೇಕು. ಅವರ ಹೆಂಡತಿ, ನನ್ನ ಚಿಗವ್ವ, ಅದನ್ನು ದಿನವೂ ಒಗೆದು ಒಣಹಾಕುತ್ತಾರೆ.

ಸಾಹೇಬರ ಒತ್ತಾಯಕ್ಕೆ ನರಗುಂದದಲ್ಲಿ ಒಂದು ಸಲ ನಾನೇ ಎರಡೂ ದನಿ ಮಾಡಿದೆ. ನನ್ನ ಊರು, ನನ್ನ ಜನ. ಯಾರೂ ಗಲಾಟೆ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು, "ಇಂವ ನಮ್ಮ ನಾರಪ್ಪ ಅಲ್ಲ ಬಿಡ್ರಿ," ಎಂದು ಮಗುವನ್ನೆತ್ತಿಕೊಂಡು ಎದ್ದಳು. ಪೆಟ್ಟಿಗೆಯನ್ನು ಕಚೇರಿಗೆ ಒಪ್ಪಿಸಿದೆ.

ಕಳೆದ ತಿಂಗಳು ಗಜೇಂದ್ರಗಡಕ್ಕೆ ಹೋದಾಗ ಓಣಿಯ ಹುಡುಗರು ಕಿಟಕಿಯ ಹೊರಗೆ ನಿಂತು ಕರೆಯುತ್ತಿದ್ದರು. "ಅವ್ವಾರ, ಒಂದೀಟ ಸರಸ್ರಿ!" ಅದೇ ದನಿ. ಕಾಕಾ ಒಳಗಿನಿಂದ ಕಿಟಕಿಯತ್ತ ಕೈ ಜೋಡಿಸಿದರು. ಹುಡುಗರು ಕೇಕೆ ಹಾಕಿ ಓಡಿದರು.

"ದಿನಾ ಬರ್ತಾವು," ಎಂದರು ಚಿಗವ್ವ. "ಶಿರೋಳದಿಂದ ಒಬ್ಬಾಕಿ ಜ್ವಾಳ ತಂದಿದ್ಲು. ಮಾತಾಡಂಗಿಲ್ರಿ ಅವ್ರು ಅಂದ್ರ, ಇದೂ ಆಟ ಅಂತ ನಕ್ಕೋತ ಕುಂತ್ಲು." ಅವರು ಒಣಗಿದ ಅರಿವಿ ಮಡಿಸುತ್ತಿದ್ದರು. "ಎಲ್ಲಾರೂ ನಾರಪ್ಪನ ದನಿ ತಗೀತಾರವಾ. ಆದ್ರ ಅದು ನನ್ನ ಗಂಡನ ದನಿ ಅಲ್ಲ, ಗಂಟಲ ಬ್ಯಾನಿ ದನಿ. ಅವರ ದನಿ ಹ್ಯಾಂಗಿತ್ತು ಅಂತ ಒಬ್ಬರೂ ತಗ್ಯಾಂಗಿಲ್ಲ. ನಿನಗರೆ ಬರ್ತೈತೇನ ಆ ನಗಿ?"

ನನಗೆ ಬರಲಿಲ್ಲ. ಆ ನಗೆ ನಾನು ಕೊನೆಯ ಸಲ ಕೇಳಿದ್ದು ಎಲ್ಲಿ ಎಂದು ಹುಡುಕಿದೆ. ಶಿರೋಳದಲ್ಲಿ ಕೇಳಿದ್ದು ಖಂಡಿತ. ಮುಶಿಗೇರಿಯ ಮೊದಲ ಆಟದಲ್ಲಿ ಜನ ನಕ್ಕದ್ದು ನೆನಪಿದೆ, ಕಾಕಾ ನಕ್ಕದ್ದು ನೆನಪಿಲ್ಲ. ಇಲ್ಲ, ಮುಶಿಗೇರಿಯೇ ಮೊದಲಾಗಿತ್ತೇ?

ಕಾಕಾನ ಹತ್ತಿರ ಈಗ ಒಂದು ಪಾಟಿ ಇದೆ. ಹೇಳಬೇಕಾದ್ದನ್ನು ಬಳಪದಿಂದ ಅದರಲ್ಲಿ ಬರೆಯುತ್ತಾರೆ. ಹಲಗೆ ಬರೆದ ಕೈ, ಅಕ್ಷರ ಈಗಲೂ ಮುತ್ತಿನಂತೆ. ನಾನು ಕೇಳಿದ್ದಕ್ಕೆ ಅವರು ಪಾಟಿಯನ್ನು ಒದ್ದೆ ಅರಿವಿಯಿಂದ ಒರೆಸಿ, ಬಳಪ ಕೈಗೆತ್ತಿಕೊಂಡು, ನನ್ನನ್ನೇ ನೋಡುತ್ತ ಕುಳಿತರು. ಪಾಟಿ ಒಣಗಿತು. "ಊಟ ಮಾಡು" ಎಂದು ಬರೆದರು. ಈ ತಿಂಗಳು ಹೋದಾಗ ಮತ್ತೆ ಕೇಳಿದೆ, ಮತ್ತೆ ಒರೆಸಿದರು. ನಾನು ಕೇಳಿದ್ದು ಇಷ್ಟೇ:

"ನಗಿ ತಗದ ಬಿಡೂಣು ಅಂದ್ರೆಲ್ಲ ಕಾಕಾ ಅವತ್ತ ಚಹಾದಂಗಡ್ಯಾಗ, ಅದು ಮುಶಿಗೇರಿ ಮಂದೀ ಕಾಲಿನ ಸಲುವಾಗಿ ಅಂದದ್ದೇನ್ರಿ, ಇಲ್ಲಾ ನಗಿ ಅವತ್ತಿಗೇ ನಿಮ್ಮನ್ನ ಬಿಟ್ಟ ಹೋಗಿತ್ತೇನ್ರಿ?"